ತಿಳಿಯಾದ ನೀರು ಮತ್ತು ದಿನದ ಒಂದು ಅಂಕಿ

ನಲ್ಲಿಯಿಂದ ಹಿಡಿದ ನೀರು ತಿಳಿಯಾಗಿದ್ದರೆ ಕುಡಿಯಲು ಯೋಗ್ಯವೆಂದೂ, ಬಗ್ಗಡವಾಗಿದ್ದರೆ ಅಲ್ಲವೆಂದೂ ತೀರ್ಮಾನಿಸುವುದು ನಮ್ಮೆಲ್ಲರ ರೂಢಿ. ಈ ರೂಢಿ ಪೂರ್ತಿ ತಪ್ಪಲ್ಲ. ಬಗ್ಗಡ ನೀರು ಎಚ್ಚರಿಕೆಯ ಸೂಚನೆಯೇ ಹೌದು. ಆದರೆ ಕಣ್ಣು, ಮೂಗು, ನಾಲಿಗೆಗಳು ನೀರಿನ ಬಗ್ಗೆ ಹೇಳುವುದಕ್ಕೂ ಆ ನೀರು ನಮ್ಮ ದೇಹಕ್ಕೆ ಮಾಡುವುದಕ್ಕೂ ಇರುವ ಸಂಬಂಧ ಬಹಳ ಸಡಿಲವಾದದ್ದು. ಕಬ್ಬಿಣದ ಅಂಶದಿಂದ ಕೆಂಪಾಗಿ ಬರುವ ನೀರು ಬಟ್ಟೆಗೆ ಕಲೆ ಹಿಡಿಸುತ್ತದೆ, ಬಾಯಿಗೆ ಒಗರೆನಿಸುತ್ತದೆ, ಆದರೆ ಸಾಮಾನ್ಯವಾಗಿ ಕಂಡುಬರುವ ಪ್ರಮಾಣದಲ್ಲಿ ಆರೋಗ್ಯಕ್ಕೆ ದೊಡ್ಡ ಕೇಡು ಮಾಡುವುದಿಲ್ಲ. ಪಾತ್ರೆಯ ತಳದಲ್ಲಿ ಬಿಳಿಯ ಪದರ ಕಟ್ಟಿಸುವ ಗಡಸು ನೀರಿನದೂ ಹೆಚ್ಚುಕಡಿಮೆ ಇದೇ ಕತೆ. ನಲ್ಲಿಯಿಂದ ಬೆಳ್ಳಗೆ ಬಿದ್ದು ಸ್ವಲ್ಪ ಹೊತ್ತಿನಲ್ಲೇ ತಳದಿಂದ ಮೇಲಕ್ಕೆ ತಿಳಿಯಾಗುತ್ತ ಹೋಗುವ ನೀರಿನಲ್ಲಿ ಇರುವುದು ಬರಿಯ ಗಾಳಿಯ ಗುಳ್ಳೆ. ಇನ್ನೊಂದು ಕಡೆ, ಮಿತಿ ಮೀರಿದ ನೈಟ್ರೇಟ್, ಫ್ಲೋರೈಡ್, ಆರ್ಸೆನಿಕ್ ಅಥವಾ ಸೀಸ ಸೇರಿದ ನೀರಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಕುಡಿದವರಿಗೆ ಗೊತ್ತಾಗುವಂಥ ರುಚಿಯೂ ಇಲ್ಲ. ಮಲದಿಂದ ಬಂದ ರೋಗಾಣುಗಳಿರುವ ನೀರೂ ನೋಡಲು ತಿಳಿಯಾಗಿ, ಕುಡಿಯಲು ತಂಪಾಗಿ, ಸಿಹಿಯಾಗಿಯೇ ಇರಬಹುದು.

ಆದ್ದರಿಂದ ಊರಿನ ನಲ್ಲಿ ನೀರು ಸುರಕ್ಷಿತವೇ ಎಂಬ ಪ್ರಶ್ನೆಗೆ ಲೋಟದಲ್ಲಿ ಉತ್ತರ ಸಿಗುವುದಿಲ್ಲ. ನೀರೆತ್ತುವ ಜಾಗದ ಸುತ್ತಲಿನ ನೆಲ, ಶೋಧನೆಯ ಮರಳು, ನೆಲದಡಿಯ ಪೈಪು, ಪಂಪ್‌ಹೌಸಿನಲ್ಲಿಟ್ಟ ದಾಖಲೆ ಪುಸ್ತಕ ಇವುಗಳಲ್ಲಿ ಅದನ್ನು ಹುಡುಕಬೇಕು. ಸಣ್ಣ ಊರಿನ ಮಟ್ಟಿಗೆ ಹೇಳುವುದಾದರೆ, ಇವೆಲ್ಲಕ್ಕಿಂತ ಮೊದಲು ನಾನು ಕೇಳಬಯಸುವುದು ಆ ದಾಖಲೆ ಪುಸ್ತಕವನ್ನು. ಏಕೆಂದರೆ ದೊಡ್ಡ ನಗರದ ನೀರು ಪೂರೈಕೆಗೆ ತನ್ನದೇ ಪ್ರಯೋಗಾಲಯವಿರುತ್ತದೆ, ಪಾಳಿಯ ಮೇಲೆ ಕೆಲಸ ಮಾಡುವ ತಂಡವಿರುತ್ತದೆ, ಒಬ್ಬರ ಕಣ್ಣು ತಪ್ಪಿದ್ದನ್ನು ಇನ್ನೊಬ್ಬರು ಹಿಡಿಯುವ ಅವಕಾಶವಿರುತ್ತದೆ. ಸಣ್ಣ ಊರಿನಲ್ಲಿ ಪಂಪು ಚಾಲೂ ಮಾಡುವವನೂ, ವಾಲ್ವ್ ತಿರುಗಿಸುವವನೂ, ಬ್ಲೀಚಿಂಗ್ ಪೌಡರ್ ಕಲಸಿ ಟ್ಯಾಂಕಿಗೆ ಬಿಡುವವನೂ, ಒಡೆದ ಪೈಪಿಗೆ ಜೋಡಣೆ ಹಾಕುವವನೂ, ನೀರು ಬರಲಿಲ್ಲವೆಂದು ಬೈಸಿಕೊಳ್ಳುವವನೂ, ಕೊನೆಗೆ ಪುಸ್ತಕದಲ್ಲಿ ಅಂಕಿ ಬರೆಯುವವನೂ ಒಬ್ಬನೇ ನೀರಗಂಟಿ. ಅವನ ತಪ್ಪನ್ನು ಹಿಡಿಯುವ ಎರಡನೆಯ ಕಣ್ಣು ಅಲ್ಲಿಲ್ಲ. ನೀರಿನ ಮೂಲ ಒಂದೋ ಎರಡೋ ಇರುತ್ತದೆ. ಅದು ಕೆಟ್ಟರೆ ಇಡೀ ಊರೇ ಅದೇ ನೀರನ್ನು ಕುಡಿದಿರುತ್ತದೆ.

ಇದಕ್ಕೆ ಕೆನಡಾದ ಒಂಟಾರಿಯೋ ಪ್ರಾಂತ್ಯದ ವಾಕರ್ಟನ್ ಎಂಬ ಊರಿನಲ್ಲಿ ನಡೆದದ್ದಕ್ಕಿಂತ ದೊಡ್ಡ ಪಾಠ ನನಗೆ ಕಂಡಿಲ್ಲ. ಅದು ಐದು ಸಾವಿರದೊಳಗಿನ ಜನಸಂಖ್ಯೆಯ ಊರು. 2000ದ ಮೇ ತಿಂಗಳ ಎರಡನೆಯ ವಾರದಲ್ಲಿ ಅಲ್ಲಿ ಎಡೆಬಿಡದೆ ಮಳೆ ಸುರಿಯಿತು. ಊರಿಗೆ ನೀರೊದಗಿಸುತ್ತಿದ್ದ ಬಾವಿಗಳಲ್ಲಿ ಐದನೆಯದು ಹೆಚ್ಚು ಆಳವಿಲ್ಲದ್ದು. ಹತ್ತಿರದಲ್ಲೇ ಒಂದು ಹೊಲವಿತ್ತು, ಹೊಲಕ್ಕೆ ಸಗಣಿ ಗೊಬ್ಬರ ಹಾಕಲಾಗಿತ್ತು. ಮಳೆಯ ನೀರು ಗೊಬ್ಬರದಲ್ಲಿದ್ದ ಇ. ಕೋಲಿ ಒ157:ಎಚ್7 ಮತ್ತು ಕ್ಯಾಂಪಿಲೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾಗಳನ್ನು ನೆಲದ ಬಿರುಕುಗಳ ಮೂಲಕ ಬಾವಿಗೆ ಇಳಿಸಿತು. ಏಳು ಜನ ಸತ್ತರು, 2,300ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು. ನ್ಯಾಯಮೂರ್ತಿ ಡೆನಿಸ್ ಓ'ಕಾನರ್ ಅವರ ನೇತೃತ್ವದ ವಿಚಾರಣಾ ಆಯೋಗ ಇದರ ಕಾರಣಗಳನ್ನು ಒಂದೊಂದಾಗಿ ಬಿಡಿಸಿ ಇಟ್ಟಿತು. ಹೊಲದ ಮಾಲೀಕ ತಪ್ಪಿತಸ್ಥನಲ್ಲ, ಅವನು ಸರಿಯಾದ ಕ್ರಮದಲ್ಲೇ ಗೊಬ್ಬರ ಹಾಕಿದ್ದ ಎಂದು ಆಯೋಗ ಸ್ಪಷ್ಟವಾಗಿ ಹೇಳಿತು. ತಪ್ಪು ಇದ್ದದ್ದು ಬೇರೆ ಕಡೆ. ಪ್ರತಿದಿನ ಬಾವಿಯ ನೀರಿನಲ್ಲಿ ಉಳಿದಿರುವ ಕ್ಲೋರಿನ್ ಎಷ್ಟೆಂದು ಅಳೆಯಬೇಕಾಗಿದ್ದ ಸಿಬ್ಬಂದಿ ಬಹುಪಾಲು ದಿನ ಅಳೆಯುತ್ತಲೇ ಇರಲಿಲ್ಲ. ಪುಸ್ತಕದಲ್ಲಿ ಮಾತ್ರ ಲೀಟರಿಗೆ 0.5 ಅಥವಾ 0.75 ಮಿಲಿಗ್ರಾಂ ಎಂಬ ಅಂಕಿಗಳನ್ನು ಬರೆದಿಡುತ್ತಿದ್ದರು. ಹಾಕಬೇಕಾದಷ್ಟು ಕ್ಲೋರಿನನ್ನೂ ಹಾಕುತ್ತಿರಲಿಲ್ಲ. ಕ್ಲೋರಿನನ್ನು ಸತತವಾಗಿ ಅಳೆಯುವ ಯಂತ್ರವೊಂದು ಆ ಬಾವಿಯಲ್ಲಿ ಇದ್ದಿದ್ದರೆ, ಕೊಳಕು ಒಳಗೆ ಬಂದು ಕ್ಲೋರಿನ್ ಮುಗಿದುಹೋದ ಕೂಡಲೇ ಅದು ಎಚ್ಚರಿಸಿ, ಅನಾಹುತವೇ ತಪ್ಪುತ್ತಿತ್ತು ಎಂಬುದು ಆಯೋಗದ ತೀರ್ಮಾನ.

ಆ ವರದಿಯಲ್ಲಿ ನನ್ನನ್ನು ಹೆಚ್ಚು ಕಲಕಿದ್ದು ಇನ್ನೊಂದು ಸಂಗತಿ. ಆ ಸಿಬ್ಬಂದಿ ಊರಿನವರಿಗೆ ಕೇಡು ಬಗೆದವರಲ್ಲ. ತಮ್ಮ ಬಾವಿಯ ನೀರು ಹಾಗೆಯೇ ಕುಡಿಯುವಷ್ಟು ಒಳ್ಳೆಯದೆಂದು ಅವರು ಮನಸಾರೆ ನಂಬಿದ್ದರು. ಬಾವಿಯ ಬಳಿ ಹೋದಾಗ ಕ್ಲೋರಿನ್ ಹಾಕದ ನೀರನ್ನು ತಾವೇ ಕುಡಿಯುತ್ತಿದ್ದರು. ಊರಿನ ಜನರಲ್ಲೂ ಕೆಲವರು ಕ್ಲೋರಿನ್ ವಾಸನೆ ಹೆಚ್ಚಾಯಿತು, ಕಡಿಮೆ ಮಾಡಿ ಎಂದು ಅವರನ್ನು ಒತ್ತಾಯಿಸುತ್ತಿದ್ದರು. ಹೀಗೆ ನೋಡಿದರೆ ಆ ಸುಳ್ಳು ಅಂಕಿಯ ಹಿಂದೆ ಸೋಮಾರಿತನವಷ್ಟೇ ಇರಲಿಲ್ಲ. ನಮ್ಮೂರ ನೀರಿಗೆ ಏನಾಗುತ್ತದೆ ಎಂಬ ಊರಿನ ನಂಬಿಕೆಯೂ ಇತ್ತು. ವರ್ಷಗಟ್ಟಲೆ ಏನೂ ಆಗದಿದ್ದದ್ದೇ ಆ ನಂಬಿಕೆಗೆ ಆಧಾರವಾಗಿತ್ತು. ಮಳೆ ಬಂದ ಮೇಲೆ, ಮೇ 17ರಂದು, ನೀರಿನಲ್ಲಿ ಇ. ಕೋಲಿ ಇದೆಯೆಂಬ ಪ್ರಯೋಗಾಲಯದ ವರದಿ ನೀರು ಪೂರೈಕೆಯ ಕಚೇರಿಗೆ ತಲುಪಿತು. ಅದರ ನಂತರವೂ, ವಾಂತಿ ಭೇದಿಯ ಪ್ರಕರಣಗಳನ್ನು ಕಂಡು ಆರೋಗ್ಯಾಧಿಕಾರಿಗಳು ವಿಚಾರಿಸಿದಾಗ, ನೀರು ಸರಿಯಾಗಿದೆ ಎಂಬ ಉತ್ತರವೇ ಸಿಕ್ಕಿತು. ನೀರನ್ನು ಕುದಿಸಿ ಕುಡಿಯಿರಿ ಎಂಬ ಸೂಚನೆ ಹೊರಬಿದ್ದದ್ದು 21ರಂದು. ನಡುವಿನ ಆ ದಿನಗಳಲ್ಲಿ ಊರು ಅದೇ ನೀರನ್ನು ಕುಡಿಯಿತು.

ಇದನ್ನು ಹಳೆಯ, ದೂರದ ಕತೆಯೆಂದು ಬದಿಗಿಡಲಾಗದು. 2016ರ ಆಗಸ್ಟ್‌ನಲ್ಲಿ ನ್ಯೂಜಿಲೆಂಡಿನ ಹ್ಯಾವ್‌ಲಾಕ್ ನಾರ್ತ್ ಎಂಬ, ಸುಮಾರು 14,000 ಜನರಿರುವ ಊರಿನಲ್ಲಿ ಐದು ಸಾವಿರಕ್ಕೂ ಹೆಚ್ಚು ಜನ ಕ್ಯಾಂಪಿಲೋಬ್ಯಾಕ್ಟರ್‌ನಿಂದ ಕಾಯಿಲೆ ಬಿದ್ದರು. ಅಲ್ಲೂ ಜೋರು ಮಳೆ, ಅಲ್ಲೂ ಕೊಳವೆಬಾವಿ, ಅಲ್ಲಿ ಹತ್ತಿರದಲ್ಲಿದ್ದದ್ದು ಕುರಿಗಳ ಹುಲ್ಲುಗಾವಲು. ಅಂತರ್ಜಲ ಶುದ್ಧವೆಂಬ ಭರವಸೆಯಿಂದ ಆ ನೀರಿಗೆ ಕ್ಲೋರಿನ್ ಹಾಕುತ್ತಲೇ ಇರಲಿಲ್ಲ. ನೆಲದಾಳದ ನೀರು ನೆಲದ ಮೇಲಿನ ನೀರಿಗಿಂತ ಸಾಮಾನ್ಯವಾಗಿ ಶುದ್ಧ ಎಂಬುದು ನಿಜ. ಆದರೆ ಬಾವಿಯ ಬಾಯಿ ಸರಿಯಾಗಿ ಮುಚ್ಚಿಲ್ಲದಿದ್ದರೆ, ಕೇಸಿಂಗ್ ಪೈಪಿನ ಸುತ್ತ ಸಿಮೆಂಟು ಬಿಟ್ಟಿದ್ದರೆ, ಮಳೆನೀರು ಅಲ್ಲೇ ಮಡುಗಟ್ಟುವಂತಿದ್ದರೆ, ಎಷ್ಟು ಆಳ ಕೊರೆದರೂ ಅದು ಮೇಲಿನ ನೀರೇ. ಬಾವಿಯ ಸುತ್ತ ಒಂದು ಕಟ್ಟೆ, ನೀರು ಹೊರಕ್ಕೆ ಹರಿಯುವಂಥ ಇಳಿಜಾರು, ದನ ಕುರಿ ಬಾರದಂತೆ ಬೇಲಿ, ಶೌಚಗುಂಡಿಯಿಂದ ಸಾಕಷ್ಟು ದೂರ ಇವೆಲ್ಲ ಯಂತ್ರವಿಲ್ಲದೆ, ಹೆಚ್ಚು ಖರ್ಚಿಲ್ಲದೆ ಆಗುವ ಕೆಲಸಗಳು. ಹಾಗಿದ್ದೂ ಸಣ್ಣ ಊರುಗಳಲ್ಲಿ ಮೊದಲು ಅಲಕ್ಷ್ಯಕ್ಕೆ ಒಳಗಾಗುವುದು ಇವೇ.

ಕ್ಲೋರಿನ್ ಬಗ್ಗೆ ಜನರಿಗಿರುವ ಅಸಮಾಧಾನವನ್ನು ನಾನು ಅರ್ಥಮಾಡಿಕೊಳ್ಳಬಲ್ಲೆ. ಆ ವಾಸನೆ ಯಾರಿಗೂ ಹಿತವಲ್ಲ. ಆದರೆ ಅದು ಏನು ಮಾಡುತ್ತದೆಂದು ತಿಳಿದ ಮೇಲೆ ಅಸಮಾಧಾನದ ರೂಪ ಬದಲಾಗುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯವರೆಗೆ ಟೈಫಾಯ್ಡ್ ಮತ್ತು ಕಾಲರಾ ಊರೂರುಗಳನ್ನು ಬರಿದು ಮಾಡುತ್ತಿದ್ದವು. 1897ರಲ್ಲಿ ಇಂಗ್ಲೆಂಡಿನ ಮೇಡ್‌ಸ್ಟೋನ್‌ನಲ್ಲಿ ಟೈಫಾಯ್ಡ್ ಹರಡಿದಾಗ ನೀರಿನ ಪೈಪುಗಳಿಗೆ ಬ್ಲೀಚಿಂಗ್ ಪೌಡರಿನ ದ್ರಾವಣವನ್ನು ಹಾಯಿಸಿದರು. ಅದು ತಾತ್ಕಾಲಿಕ ಕ್ರಮ. ಕುಡಿಯುವ ನೀರಿಗೆ ನಿರಂತರವಾಗಿ ಕ್ಲೋರಿನ್ ಸೇರಿಸುವ ವ್ಯವಸ್ಥೆ 1902ರಲ್ಲಿ ಆರಂಭವಾದದ್ದು ಬೆಲ್ಜಿಯಮ್ಮಿನ ಮಿಡ್ಡೆಲ್‌ಕೆರ್ಕೆ ಎಂಬಲ್ಲಿ, ಸಮುದ್ರದ ಅಂಚಿನ ಒಂದು ಸಣ್ಣ ಊರಿನಲ್ಲಿ ಎಂಬುದು ನನಗೆ ಬಹಳ ಇಷ್ಟವಾದ ಸಂಗತಿ. ಈ ವಿದ್ಯೆಯನ್ನು ಸಣ್ಣ ಊರುಗಳು ದೊಡ್ಡ ನಗರಗಳಿಂದ ಕಾದು ಪಡೆಯಬೇಕಾದ್ದೇನೂ ಇರಲಿಲ್ಲ.

ಕ್ಲೋರಿನ್ ನೀರಿಗೆ ಬಿದ್ದಾಗ ಮೊದಲು ಅಲ್ಲಿರುವ ಕೊಳೆಯೊಂದಿಗೆ, ಕಬ್ಬಿಣದೊಂದಿಗೆ, ಅಮೋನಿಯಾದೊಂದಿಗೆ ಸೇರಿ ಖರ್ಚಾಗುತ್ತದೆ. ಆ ಖರ್ಚೆಲ್ಲ ಮುಗಿದ ಮೇಲೆ ಉಳಿದದ್ದೇ ರೋಗಾಣುಗಳನ್ನು ಕೊಲ್ಲುವ ಮತ್ತು ಪೈಪಿನುದ್ದಕ್ಕೂ ನೀರನ್ನು ಕಾಯುವ ಕ್ಲೋರಿನ್. ಇದಕ್ಕೆ ಉಳಿಕೆ ಕ್ಲೋರಿನ್ ಎನ್ನುತ್ತಾರೆ. ಅದರ ಕೆಲಸಕ್ಕೆ ಸಮಯವೂ ಬೇಕು, ನೀರಿನ ಗುಣವೂ ಅನುಕೂಲವಾಗಿರಬೇಕು: ನೀರಿನ ಹುಳಿ-ಕ್ಷಾರದ ಅಳತೆಯಾದ ಪಿಎಚ್ 8ಕ್ಕಿಂತ ಕಡಿಮೆಯಿದ್ದು, ಕನಿಷ್ಠ 30 ನಿಮಿಷ ಬೆರೆತ ನಂತರ ಲೀಟರಿಗೆ 0.5 ಮಿಲಿಗ್ರಾಂನಷ್ಟು ಉಳಿದಿರಬೇಕು, ಮನೆಯ ನಲ್ಲಿಯನ್ನು ತಲುಪುವಾಗ ಕನಿಷ್ಠ 0.2 ಮಿಲಿಗ್ರಾಂ ಇರಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ. ಟ್ಯಾಂಕಿಗೆ ಪೌಡರ್ ಸುರಿದು ಕೂಡಲೇ ವಾಲ್ವ್ ತೆರೆದರೆ ಟ್ಯಾಂಕಿನ ಸಮೀಪದ ಮನೆಗಳಿಗೆ ವಾಸನೆ ಹೆಚ್ಚಾಗಿರುವ, ಆದರೆ ಇನ್ನೂ ಶುದ್ಧವಾಗಿರದ ನೀರು ಹೋಗುತ್ತದೆ. ಕೊನೆಯ ಬೀದಿಯವರಿಗೆ ವಾಸನೆಯೂ ಇಲ್ಲ, ರಕ್ಷಣೆಯೂ ಇಲ್ಲ. ಬ್ಲೀಚಿಂಗ್ ಪೌಡರಿನ ವಿಷಯದಲ್ಲಿ ಇನ್ನೊಂದು ತೊಡಕಿದೆ. ಹೊಸದಾಗಿ ಬಂದಾಗ ಅದರ ತೂಕದಲ್ಲಿ ಮೂರರ ಒಂದು ಭಾಗದಷ್ಟು ಕೆಲಸಕ್ಕೆ ಬರುವ ಕ್ಲೋರಿನ್ ಇರುತ್ತದೆ, ಆದರೆ ತೇವ, ಬಿಸಿ, ಬೆಳಕು ತಗುಲಿದ ಹಾಗೆಲ್ಲ ಅದು ಇಳಿಯುತ್ತ ಹೋಗುತ್ತದೆ. ಪಂಪ್‌ಹೌಸಿನ ಮೂಲೆಯಲ್ಲಿ ಬಾಯಿ ಬಿಚ್ಚಿಟ್ಟ ಚೀಲದಿಂದ, ಮೊದಲ ದಿನ ಹಾಕಿದಷ್ಟೇ ಅಳತೆಯಲ್ಲಿ ತಿಂಗಳುಗಳ ನಂತರವೂ ಹಾಕುವ ನೀರಗಂಟಿ ತನ್ನ ಕೆಲಸವನ್ನು ನಿಷ್ಠೆಯಿಂದಲೇ ಮಾಡುತ್ತಿರಬಹುದು. ನೀರಿಗೆ ಸಿಗುತ್ತಿರುವುದು ಮಾತ್ರ ಬರಿಯ ಸುಣ್ಣ. ಎಷ್ಟು ಹಾಕಿದೆವು ಎಂಬ ಲೆಕ್ಕಕ್ಕಿಂತ ಎಷ್ಟು ಉಳಿಯಿತು ಎಂಬ ಅಳತೆಯೇ ಮುಖ್ಯವಾಗುವುದು ಈ ಕಾರಣಕ್ಕೆ.

ಆ ಅಳತೆ ಕಷ್ಟದ್ದಲ್ಲ. ಸಣ್ಣ ಗಾಜಿನ ಕೊಳವೆಯಲ್ಲಿ ನಲ್ಲಿ ನೀರು ಹಿಡಿದು ಡಿಪಿಡಿ ಎಂಬ ಮಾತ್ರೆಯನ್ನು ಕರಗಿಸಿದರೆ, ಕ್ಲೋರಿನ್ ಇದ್ದಷ್ಟೂ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಪಕ್ಕದಲ್ಲಿರುವ ಬಣ್ಣದ ಪಟ್ಟಿಯೊಂದಿಗೆ ಹೋಲಿಸಿ ಅಂಕಿ ಓದಿಕೊಳ್ಳಬಹುದು. ಶಾಲೆಯ ಮಕ್ಕಳೂ ಮಾಡಬಲ್ಲ ಪರೀಕ್ಷೆಯಿದು, ಒಂದೆರಡು ನಿಮಿಷದಲ್ಲಿ ಮುಗಿಯುತ್ತದೆ. ಇದನ್ನು ಇ. ಕೋಲಿ ಪರೀಕ್ಷೆಯ ಪಕ್ಕದಲ್ಲಿಟ್ಟು ನೋಡಬೇಕು. ಮಲದ ಸೋಂಕನ್ನು ನೇರವಾಗಿ ತೋರಿಸುವುದು ಇ. ಕೋಲಿ ಪರೀಕ್ಷೆಯೇ, 100 ಮಿಲಿಲೀಟರ್ ನೀರಿನಲ್ಲಿ ಒಂದೂ ಇರಬಾರದು ಎಂಬುದು ನಿಯಮ. ಆದರೆ ಬ್ಯಾಕ್ಟೀರಿಯಾ ಬೆಳೆದು ಕಾಣಿಸಿಕೊಳ್ಳಲು ಸುಮಾರು ಒಂದು ದಿನ ಬೇಕು. ಮಾದರಿಯನ್ನು ತಂಪಾಗಿಟ್ಟು ದೂರದ ಪ್ರಯೋಗಾಲಯಕ್ಕೆ ಒಯ್ಯುವ ಸಮಯ ಬೇರೆ. ವರದಿ ಕೈಗೆ ಬರುವ ಹೊತ್ತಿಗೆ ಆ ನೀರನ್ನು ಊರು ಕುಡಿದು ಮುಗಿಸಿರುತ್ತದೆ. ಲಕ್ಷಾಂತರ ಲೀಟರ್ ನೀರಿನಲ್ಲಿ ಯಾವುದೋ ಒಂದು ಹೊತ್ತಿನ, ಯಾವುದೋ ಒಂದು ನಲ್ಲಿಯ ನೂರು ಮಿಲಿಲೀಟರ್ ಚೆನ್ನಾಗಿತ್ತೆಂಬುದು ಮಳೆ ಸುರಿದ ಮರುದಿನದ ಬಗ್ಗೆ ಏನನ್ನೂ ಹೇಳುವುದಿಲ್ಲ. ತಿಂಗಳಿಗೊಮ್ಮೆ ಬರುವ ಪ್ರಯೋಗಾಲಯದ ವರದಿಗೆ ಕೊಡುವ ಗೌರವದ ಅರ್ಧದಷ್ಟನ್ನಾದರೂ ದಿನನಿತ್ಯದ ಈ ಗುಲಾಬಿ ಬಣ್ಣಕ್ಕೆ ಕೊಟ್ಟರೆ ಸಣ್ಣ ಊರುಗಳು ಎಷ್ಟೋ ಸುರಕ್ಷಿತವಾಗುತ್ತವೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಒಂದು ದಿನ ಇದ್ದಕ್ಕಿದ್ದಂತೆ ಉಳಿಕೆ ಕ್ಲೋರಿನ್ ಇಳಿಯಿತೆಂದರೆ ಅದನ್ನು ತಿಂದುಹಾಕುವಂಥದ್ದೇನೋ ನೀರಿಗೆ ಸೇರಿದೆ ಎಂದೇ ತಿಳಿಯಬೇಕು. ಇನ್ನಷ್ಟು ಪೌಡರ್ ಸುರಿದು ಅಂಕಿಯನ್ನು ಸರಿಮಾಡುವುದಷ್ಟೇ ಸಾಲದು, ಸೇರಿದ್ದು ಏನೆಂದು ಹುಡುಕಲೂಬೇಕು.

ಕ್ಲೋರಿನ್ ಎಲ್ಲವನ್ನೂ ಕೊಲ್ಲುತ್ತದೆ ಎಂದೇನೂ ಅಲ್ಲ. 1993ರಲ್ಲಿ ಅಮೆರಿಕದ ಮಿಲ್ವಾಕೀ ನಗರದಲ್ಲಿ ಸುಮಾರು ನಾಲ್ಕು ಲಕ್ಷ ಜನರನ್ನು ಕಾಯಿಲೆ ಬೀಳಿಸಿದ ಕ್ರಿಪ್ಟೋಸ್ಪೋರಿಡಿಯಂ ಎಂಬ ಪರಾವಲಂಬಿಗೆ ಕುಡಿಯುವ ನೀರಿನಲ್ಲಿ ಇರಬಹುದಾದ ಪ್ರಮಾಣದ ಕ್ಲೋರಿನ್ ಏನೂ ಮಾಡುವುದಿಲ್ಲ. ಅದನ್ನು ತಡೆಯುವುದು ಶೋಧನೆ. ಇಲ್ಲಿ ಕಣ್ಣಿಗೆ ಕಾಣುವ ಬಗ್ಗಡಕ್ಕೆ ನಿಜವಾದ ಅರ್ಥ ಬರುತ್ತದೆ: ಕದಡಿನ ಕಣಗಳ ಒಳಗೆ ರೋಗಾಣುಗಳು ಕ್ಲೋರಿನ್ ತಾಗದಂತೆ ಅಡಗಿರಬಲ್ಲವು, ಮತ್ತು ಶೋಧಿಸಿದ ನೀರಿನಲ್ಲಿ ಕದಡು ಏರಿತೆಂದರೆ ಶೋಧಕದಿಂದ ಏನೋ ನುಸುಳುತ್ತಿದೆ ಎಂದರ್ಥ. ಶೋಧನೆಯ ಶಕ್ತಿಯನ್ನು ಜಗತ್ತಿಗೆ ತೋರಿಸಿಕೊಟ್ಟದ್ದು 1892ರ ಹ್ಯಾಂಬರ್ಗ್. ಎಲ್ಬೆ ನದಿಯ ನೀರನ್ನು ಶೋಧಿಸದೆ ಕುಡಿಯುತ್ತಿದ್ದ ಆ ನಗರದಲ್ಲಿ ಕಾಲರಾಕ್ಕೆ ಎಂಟು ಸಾವಿರಕ್ಕೂ ಹೆಚ್ಚು ಜನ ಬಲಿಯಾದರು. ಅದಕ್ಕೆ ಅಂಟಿಕೊಂಡೇ ಇದ್ದ ಆಲ್ಟೋನಾ ಊರು ಅದೇ ನದಿಯಿಂದ, ಅದೂ ಹ್ಯಾಂಬರ್ಗಿನ ಕೊಳಚೆ ಸೇರಿದ ಕೆಳಹರಿವಿನಿಂದ, ನೀರೆತ್ತುತ್ತಿದ್ದರೂ ಬಹುಮಟ್ಟಿಗೆ ಪಾರಾಯಿತು. ಆಲ್ಟೋನಾ ತನ್ನ ನೀರನ್ನು ಮರಳಿನ ಹಾಸಿನ ಮೂಲಕ ನಿಧಾನವಾಗಿ ಇಳಿಸಿ ಶೋಧಿಸುತ್ತಿತ್ತು.

ಈ ನಿಧಾನ ಮರಳು ಶೋಧಕದ ಬಗ್ಗೆ ಸ್ವಲ್ಪ ಹೆಚ್ಚು ಹೇಳಲೇಬೇಕು, ಏಕೆಂದರೆ ಸಣ್ಣ ಊರಿಗೆ ಇಷ್ಟು ಹೊಂದುವ ವ್ಯವಸ್ಥೆ ಇನ್ನೊಂದಿಲ್ಲವೆಂದು ನಾನು ನಂಬಿದ್ದೇನೆ. ಮರಳಿನ ಹಾಸಿನ ಮೇಲೆ ನೀರು ನಿಂತು, ಗಂಟೆಗೆ ಗೇಣಿನಷ್ಟೋ ಅದಕ್ಕಿಂತ ತುಸು ಹೆಚ್ಚೋ ವೇಗದಲ್ಲಿ ಕೆಳಗಿಳಿಯುತ್ತದೆ. ಕೆಲವು ದಿನ, ಕೆಲವೊಮ್ಮೆ ಕೆಲವು ವಾರ ಕಳೆದ ಮೇಲೆ ಮರಳಿನ ಮೇಲ್ಭಾಗದಲ್ಲಿ ಪಾಚಿ, ಬ್ಯಾಕ್ಟೀರಿಯಾ ಮತ್ತು ಇತರ ಸೂಕ್ಷ್ಮಜೀವಿಗಳ ಲೋಳೆಯಂಥ ಪದರವೊಂದು ಬೆಳೆಯುತ್ತದೆ. ನೋಡುವವರಿಗೆ ಹೇಸಿಗೆಯೆನಿಸಬಹುದಾದ ಈ ಪದರವೇ ರೋಗಾಣುಗಳನ್ನು ಹಿಡಿದು ತಿಂದುಹಾಕುವ ಭಾಗ. ಇದಕ್ಕೆ ವಿದ್ಯುತ್ತಿನ ಅಗತ್ಯ ಅಷ್ಟಾಗಿ ಇಲ್ಲ, ಪಟಿಕ ಕಲಸುವ ಕೆಲಸವಿಲ್ಲ, ಕೆಟ್ಟುಹೋಗುವ ಯಂತ್ರವಿಲ್ಲ. ಹರಿವು ತೀರ ಕಡಿಮೆಯಾದಾಗ ಮೇಲಿನ ಒಂದೆರಡು ಸೆಂಟಿಮೀಟರ್ ಮರಳನ್ನು ಕೆರೆದು ತೆಗೆದರೆ ಸಾಕು. ಬೇಕಾದದ್ದು ಜಾಗ ಮತ್ತು ತಾಳ್ಮೆ; ಜೊತೆಗೆ ಮೂಲದ ನೀರು ಅತಿಯಾಗಿ ಕದಡಿರಬಾರದು. ವೇಗದ ಶೋಧಕಗಳು ಕಡಿಮೆ ಜಾಗದಲ್ಲಿ ಹೆಚ್ಚು ನೀರು ಕೊಡುತ್ತವೆಂಬುದು ನಿಜವಾದರೂ, ಪಟಿಕದ ಪ್ರಮಾಣವನ್ನು ದಿನದ ನೀರಿಗೆ ತಕ್ಕಂತೆ ಬದಲಿಸಬಲ್ಲ, ಶೋಧಕವನ್ನು ಹೊತ್ತಿಗೆ ಸರಿಯಾಗಿ ಹಿಮ್ಮುಖವಾಗಿ ತೊಳೆಯಬಲ್ಲ ನುರಿತ ಕೈಗಳಿಲ್ಲದ ಕಡೆ ಅವು ಬೇಗನೆ ಬರಿಯ ಕಾಂಕ್ರೀಟ್ ತೊಟ್ಟಿಗಳಾಗಿಬಿಡುತ್ತವೆ.

ಚೆನ್ನಾಗಿ ಶೋಧಿಸಿ, ಕ್ಲೋರಿನ್ ಸೇರಿಸಿ ಬಿಟ್ಟ ನೀರು ದಾರಿಯಲ್ಲಿ ಕೆಡುವುದು ಸಣ್ಣ ಊರಿನ ಇನ್ನೊಂದು ದೊಡ್ಡ ದುಃಖ. ದಿನವಿಡೀ ಒತ್ತಡದಲ್ಲಿರುವ ಪೈಪಿನಲ್ಲಿ ಬಿರುಕಿದ್ದರೆ ನೀರು ಹೊರಗೆ ಚಿಮ್ಮುತ್ತದೆ. ನಷ್ಟವಾಗುತ್ತದೆ, ಆದರೆ ಒಳಗೆ ಏನೂ ಬರುವುದಿಲ್ಲ. ಗಂಟೆಯ ಲೆಕ್ಕದಲ್ಲಿ ನೀರು ಬಿಟ್ಟು ನಿಲ್ಲಿಸುವ ಊರಿನಲ್ಲಿ ನೀರು ನಿಂತ ಮೇಲೆ ಪೈಪಿನ ಎತ್ತರದ ಭಾಗಗಳು ಬರಿದಾಗುತ್ತ ಒಳಗೆ ಒತ್ತಡ ಇಳಿಯುತ್ತದೆ, ಆಗ ಅದೇ ಬಿರುಕು ಸುತ್ತಲಿನ ಮಣ್ಣಿನ ತೇವವನ್ನೂ ಪಕ್ಕದ ಚರಂಡಿಯ ನೀರನ್ನೂ ಒಳಕ್ಕೆ ಎಳೆದುಕೊಳ್ಳುತ್ತದೆ. ನೀರು ಬರುವ ಹೊತ್ತಿನಲ್ಲಿ ಕೆಲವರು ಪೈಪಿಗೇ ನೇರವಾಗಿ ಮೋಟಾರು ಹಚ್ಚಿ ಎಳೆದರೆ ಈ ಹೀರುವಿಕೆ ಇನ್ನೂ ಹೆಚ್ಚುತ್ತದೆ. ಅದರ ಫಲವನ್ನು ಉಣ್ಣುವುದು ಬಹಳ ಸಲ ಮೋಟಾರಿಲ್ಲದ ನೆರೆಮನೆ. ಮರುದಿನ ಮೊದಲು ಬರುವ ನೀರಿನಲ್ಲಿ ಈ ಕೊಳೆಯೆಲ್ಲ ಇರುತ್ತದೆ. ಆದ್ದರಿಂದ ಮೊದಲ ನೀರನ್ನು ಕುಡಿಯಲು ಹಿಡಿಯದೆ ತೊಳೆಯುವ ಕೆಲಸಕ್ಕೆ ಬಳಸುವುದು ಒಳ್ಳೆಯದು. ನೀರನ್ನು ಹೆಚ್ಚು ಹೊತ್ತು ಬಿಡುವುದು ಕೇವಲ ಅನುಕೂಲದ ವಿಷಯವೆಂದು ಎಣಿಸುವವರು ಇದನ್ನು ಗಮನಿಸಬೇಕು: ಸದಾ ತುಂಬಿರುವ ಪೈಪು ತನ್ನನ್ನು ತಾನೇ ಕಾಯುತ್ತದೆ. ಮನೆಯ ಸಂಪು ಮತ್ತು ಮೇಲಿನ ಟ್ಯಾಂಕುಗಳ ಮಾತು ಇದರ ಮುಂದುವರಿಕೆಯೇ. ಮುಚ್ಚಳ ಸರಿಯಿಲ್ಲದ, ವರ್ಷಗಟ್ಟಲೆ ತೊಳೆಯದ ಟ್ಯಾಂಕಿನಲ್ಲಿ ನಿಂತ ನೀರಿನ ಕ್ಲೋರಿನ್ ಆರಿಹೋಗಿರುತ್ತದೆ; ಅಲ್ಲಿಂದ ಮುಂದೆ ಅದನ್ನು ಕಾಯುವವರಿಲ್ಲ.

ರೋಗಾಣುಗಳ ಕೇಡು ದಿನಗಳಲ್ಲಿ ತಿಳಿಯುತ್ತದೆ, ರಾಸಾಯನಿಕಗಳದ್ದು ವರ್ಷಗಳಲ್ಲಿ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ, ನೈಟ್ರೇಟ್ 50 ಮಿಲಿಗ್ರಾಂ, ಆರ್ಸೆನಿಕ್ 0.01 ಮಿಲಿಗ್ರಾಂ ಮೀರಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ಫ್ಲೋರೈಡ್ ಮತ್ತು ಆರ್ಸೆನಿಕ್ ಹೆಚ್ಚಾಗಿ ಬಂಡೆ ಮಣ್ಣುಗಳಿಂದಲೇ ಬರುತ್ತವೆ. ನೈಟ್ರೇಟ್ ಗೊಬ್ಬರದಿಂದ, ಶೌಚಗುಂಡಿಗಳಿಂದ ಇಳಿಯುತ್ತದೆ ಮತ್ತು ಎಳೆಯ ಕೂಸುಗಳ ರಕ್ತ ಆಮ್ಲಜನಕವನ್ನು ಒಯ್ಯುವ ಶಕ್ತಿಯನ್ನು ಕುಗ್ಗಿಸುತ್ತದೆ. ಇವುಗಳ ವಿಷಯದಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು: ಕುದಿಸುವುದರಿಂದ ಇವು ಹೋಗುವುದಿಲ್ಲ. ನೀರು ಆವಿಯಾಗಿ ಕಡಿಮೆಯಾದಷ್ಟೂ ಇವುಗಳ ಸಾಂದ್ರತೆ ಏರುತ್ತದೆ. ನೀರು ಚೆನ್ನಾಗಿ ಕುದಿಬಂದು ಒಂದು ನಿಮಿಷ ಕೊತಕೊತನೆ ಕುದಿದರೆ ರೋಗಾಣುಗಳು ಸಾಯುತ್ತವೆ, ಅಷ್ಟೇ. ಕುದಿಸಿ ಕೊಟ್ಟೆನೆಂಬ ನೆಮ್ಮದಿಯಲ್ಲಿ ನೈಟ್ರೇಟ್ ತುಂಬಿದ ನೀರನ್ನೇ ಕೂಸಿಗೆ ಕುಡಿಸುವ ತಾಯಿಯ ಬಗ್ಗೆ ಯೋಚಿಸಿದರೆ, ಈ ವ್ಯತ್ಯಾಸವನ್ನು ಊರಿಗೆ ತಿಳಿಸಿ ಹೇಳದಿರುವುದು ಎಷ್ಟು ದೊಡ್ಡ ಲೋಪವೆಂದು ತಿಳಿಯುತ್ತದೆ. ಇಂಥ ರಾಸಾಯನಿಕಗಳನ್ನು ದಿನವೂ ಅಳೆಯಬೇಕಿಲ್ಲ, ಆದರೆ ಹೊಸ ಕೊಳವೆಬಾವಿಯನ್ನು ಊರಿನ ಪೈಪಿಗೆ ಜೋಡಿಸುವ ಮೊದಲು ಅಳೆಯಲೇಬೇಕು. ಬೇಸಿಗೆಯ ಅವಸರದಲ್ಲಿ ಕೊರೆದು, ನೀರು ಬಿದ್ದ ಸಂತೋಷದಲ್ಲಿ ಕೂಡಲೇ ಜೋಡಿಸಿ, ಪರೀಕ್ಷೆಯನ್ನು ಮುಂದೆ ಎಂದಾದರೂ ನೋಡೋಣವೆಂದು ಬಿಡುವುದು ಮುಂದಿನ ಪೀಳಿಗೆಯ ಹಲ್ಲು ಮೂಳೆಗಳ ಮೇಲೆ ಹೊರಿಸುವ ಸಾಲ.

ನೀರಿನ ಮೂಲವನ್ನು ಬದಲಿಸುವುದು ಎಷ್ಟು ಸೂಕ್ಷ್ಮದ ಕೆಲಸವೆಂದು ಅಮೆರಿಕದ ಫ್ಲಿಂಟ್ ನಗರ ತೋರಿಸಿತು. 2014ರ ಏಪ್ರಿಲ್‌ನಲ್ಲಿ ಅಲ್ಲಿ ಹೊಸ ನದಿಯ ನೀರಿಗೆ ಬದಲಾಯಿಸಿದಾಗ, ಪೈಪುಗಳನ್ನು ಸವೆಯದಂತೆ ಕಾಯುವ ರಾಸಾಯನಿಕವನ್ನು ಸೇರಿಸಲಿಲ್ಲ. ಹಳೆಯ ಪೈಪುಗಳ ಒಳಗೆ ದಶಕಗಳಿಂದ ಕಟ್ಟಿಕೊಂಡಿದ್ದ ಪದರ ಕರಗಿ, ಅದರ ಹಿಂದಿದ್ದ ಸೀಸ ಮನೆಮನೆಯ ನಲ್ಲಿಗೆ ಬಂತು. ನೀರಿನ ಬಣ್ಣ ಮತ್ತು ವಾಸನೆಯ ಬಗ್ಗೆ ಜನ ಮೊದಲಿನಿಂದಲೂ ದೂರುತ್ತಿದ್ದರು. ಸುರಕ್ಷಿತವಾಗಿದೆ ಎಂಬ ಉತ್ತರವೇ ಬಹಳ ಕಾಲ ಸಿಗುತ್ತಿತ್ತು. ಅದಕ್ಕೂ ಹಿಂದೆ, 1988ರ ಜುಲೈಯಲ್ಲಿ, ಇಂಗ್ಲೆಂಡಿನ ಕ್ಯಾಮಲ್‌ಫೋರ್ಡ್ ಎಂಬ ಸಣ್ಣ ಊರಿಗೆ ನೀರು ಕೊಡುವ ಘಟಕದಲ್ಲಿ, ಆ ಜಾಗದ ಪರಿಚಯವಿಲ್ಲದ ಲಾರಿ ಚಾಲಕನೊಬ್ಬ 20 ಟನ್ ಅಲ್ಯೂಮಿನಿಯಂ ಸಲ್ಫೇಟನ್ನು, ಅಂದರೆ ನೀರನ್ನು ತಿಳಿಗೊಳಿಸಲು ಬಳಸುವ ರಾಸಾಯನಿಕವನ್ನು, ತಪ್ಪು ತೊಟ್ಟಿಗೆ ಸುರಿದುಬಿಟ್ಟ. ಅದು ಶುದ್ಧೀಕರಿಸಿದ ನೀರಿನ ತೊಟ್ಟಿಯಾಗಿತ್ತು. ಆ ನೀರು ಹುಳಿಯಾಗಿ, ಮನೆಗಳ ಪೈಪಿನ ತಾಮ್ರ ಸೀಸಗಳನ್ನೂ ಕರಗಿಸಿಕೊಂಡು ಸುಮಾರು 20,000 ಜನರ ನಲ್ಲಿಗಳಿಗೆ ಹರಿಯಿತು. ಏನು ನಡೆಯಿತೆಂದು ಜನರಿಗೆ ಬಹಿರಂಗವಾಗಿ ತಿಳಿಸಲು ಎರಡು ವಾರಗಳೇ ಹಿಡಿದವು. ತಪ್ಪು ಕೈ ತಪ್ಪು ತೊಟ್ಟಿಯ ಕಡೆಗೆ ಹೋಗುವುದು ಎಲ್ಲಿ ಬೇಕಾದರೂ ಆಗಬಹುದಾದದ್ದು; ಆ ಎರಡು ವಾರಗಳ ಮೌನಕ್ಕೆ ಮಾತ್ರ ನನ್ನಲ್ಲಿ ಕ್ಷಮೆಯಿಲ್ಲ.

ವಾಕರ್ಟನ್, ಫ್ಲಿಂಟ್, ಕ್ಯಾಮಲ್‌ಫೋರ್ಡ್ ಮೂರನ್ನೂ ಒಟ್ಟಿಗೆ ಇಟ್ಟುಕೊಂಡು ಯೋಚಿಸಿದಾಗ ನನಗೆ ಕಾಣುವುದು, ಮೂರೂ ಕಡೆ ಮೊದಲ ಕೇಡಿಗಿಂತ ಅದನ್ನು ಹೇಳದೆ ಉಳಿಸಿಕೊಂಡ ಅವಧಿ ಮಾಡಿದ ಹಾನಿ. ಗಾಬರಿ ಹರಡಬಾರದೆಂಬ ವಾದವನ್ನು ಇಂಥ ಹೊತ್ತಿನಲ್ಲಿ ಮುಂದಿಡುತ್ತಾರೆ. ಆದರೆ ನೀರು ಕೆಟ್ಟಿದೆ, ಎರಡು ದಿನ ಕುದಿಸಿ ಕುಡಿಯಿರಿ ಎಂದು ನೇರವಾಗಿ ಕೇಳಿಸಿಕೊಂಡ ಊರು ಗಾಬರಿಯಾಗುವುದಿಲ್ಲ, ನೀರು ಕುದಿಸಿಕೊಳ್ಳುತ್ತದೆ. ಆಮೇಲೆ ಬೇರೆ ದಾರಿಯಿಂದ ಸತ್ಯ ತಿಳಿದ ಊರು ಮುಂದೆ ಯಾವ ಮಾತನ್ನೂ ನಂಬುವುದಿಲ್ಲ; ನೀರು ನಿಜಕ್ಕೂ ಚೆನ್ನಾಗಿರುವಾಗಲೂ ನಂಬುವುದಿಲ್ಲ.

ಆ ಅಪನಂಬಿಕೆ ಹುಟ್ಟಿದ ಮೇಲೆ ಕೈಲಾದವರು ಮನೆಗೆ ಶುದ್ಧೀಕರಣ ಯಂತ್ರ ತಂದುಕೊಳ್ಳುತ್ತಾರೆ. ಅದನ್ನು ನಾನು ದೂರುವುದಿಲ್ಲ. ಫ್ಲೋರೈಡ್ ಇರುವ ಕಡೆ ಆರ್‌ಓ ಯಂತ್ರ ನಿಜವಾದ ಉಪಕಾರವನ್ನೇ ಮಾಡುತ್ತದೆ. ಆದರೆ ಅದು ಒಳ್ಳೆಯ ನೀರಿನ ಜೊತೆಗೆ ಒಂದಷ್ಟು ನೀರನ್ನು ಚೆಲ್ಲುತ್ತದೆ, ಉಳಿಕೆ ಕ್ಲೋರಿನನ್ನೂ ತೆಗೆಯುತ್ತದೆ, ಹೊತ್ತಿಗೆ ಸರಿಯಾಗಿ ಫಿಲ್ಟರ್ ಬದಲಿಸದಿದ್ದರೆ ತಾನೇ ಬ್ಯಾಕ್ಟೀರಿಯಾಗಳ ಮನೆಯಾಗುತ್ತದೆ. ಇದಕ್ಕಿಂತ ನನ್ನನ್ನು ಕಾಡುವುದು ಇನ್ನೊಂದು ಪರಿಣಾಮ. ಊರಿನಲ್ಲಿ ದನಿಯಿರುವವರು, ಕಚೇರಿಗೆ ಹೋಗಿ ಕೇಳಬಲ್ಲವರು, ಅರ್ಜಿ ಬರೆಯಬಲ್ಲವರು ಒಬ್ಬೊಬ್ಬರಾಗಿ ನಲ್ಲಿ ನೀರನ್ನು ಕುಡಿಯುವುದು ಬಿಟ್ಟಾಗ, ಆ ನೀರಿನ ಗುಣಮಟ್ಟದ ಬಗ್ಗೆ ಕೇಳುವವರೇ ಇಲ್ಲವಾಗುತ್ತಾರೆ. ಉಳಿದವರು ಕುಡಿಯುತ್ತಲೇ ಇರುತ್ತಾರೆ. 2010ರ ಜುಲೈ 28ರಂದು ವಿಶ್ವಸಂಸ್ಥೆಯ ಸಾಮಾನ್ಯ ಸಭೆ ಸುರಕ್ಷಿತ ಕುಡಿಯುವ ನೀರನ್ನು ಮಾನವ ಹಕ್ಕೆಂದು ಒಪ್ಪಿಕೊಂಡಾಗ ಅದು ಯಂತ್ರ ಕೊಳ್ಳಬಲ್ಲ ಮನೆಗಳ ಹಕ್ಕನ್ನು ಕುರಿತು ಹೇಳಿದ್ದಲ್ಲ. ಮನೆಯಲ್ಲಿ ಯಂತ್ರವಿದ್ದವರೂ ನಲ್ಲಿ ನೀರಿನ ಬಗ್ಗೆ ಕೇಳುತ್ತಲೇ ಇರಬೇಕು; ಶಾಲೆಯಲ್ಲಿ ಅವರ ಮಕ್ಕಳು ಕುಡಿಯುವುದೂ ಬಹುಶಃ ಅದೇ ನೀರನ್ನು.

ಕೇಳಬೇಕಾದದ್ದು ದೊಡ್ಡದೇನಲ್ಲ. ನೀರಗಂಟಿಗೆ ತರಬೇತಿ, ಡಿಪಿಡಿ ಮಾತ್ರೆಗಳ ಪೆಟ್ಟಿಗೆ, ಗಾಳಿಯಾಡದ ಡಬ್ಬಿಯಲ್ಲಿಟ್ಟ ಬ್ಲೀಚಿಂಗ್ ಪೌಡರ್ ಮತ್ತು ಅವನಿಗೆ ರಜೆ ಬಂದಾಗ ಅದೇ ಕೆಲಸ ಬಲ್ಲ ಇನ್ನೊಬ್ಬ ವ್ಯಕ್ತಿ ಊರಿನಲ್ಲಿ ಇರಬೇಕು. ಅಳತೆಯನ್ನು ಟ್ಯಾಂಕಿನ ಬುಡದಲ್ಲಲ್ಲದೆ, ಪೈಪಿನ ತುತ್ತತುದಿಯ ಬೀದಿಯ ನಲ್ಲಿಯಲ್ಲಿ ಮಾಡಬೇಕು, ಏಕೆಂದರೆ ಅಲ್ಲಿ 0.2 ಇದ್ದರೆ ಉಳಿದ ಬೀದಿಗಳಲ್ಲೂ ಅಷ್ಟಾದರೂ ಇರುವ ಸಂಭವ ಹೆಚ್ಚು. ಜೋರು ಮಳೆಯಾದ ದಿನ, ಪೈಪು ಒಡೆದು ಜೋಡಿಸಿದ ದಿನ ಇನ್ನೊಂದು ಸಲ ಅಳೆಯಬೇಕು. ಆ ಅಂಕಿಯನ್ನು ಪುಸ್ತಕದಲ್ಲಿ ಮುಚ್ಚಿಡದೆ, ಎಲ್ಲರೂ ಓಡಾಡುವ ಜಾಗದ ಫಲಕದ ಮೇಲೆ ದಿನಾಂಕ, ಸಮಯ, ಬೀದಿಯ ಹೆಸರಿನೊಂದಿಗೆ ಬರೆಯಬೇಕು. ಅಂಕಿ ಇಳಿದಾಗ ಯಾರಿಗೆ, ಎಷ್ಟು ಹೊತ್ತಿನೊಳಗೆ ಹೇಳಬೇಕೆಂಬುದು ಅದೇ ಫಲಕದ ಕೆಳಗಿರಬೇಕು. ಅಂಕಿ ಇಳಿಯಿತೆಂದು ಬರೆದ ನೀರಗಂಟಿಯನ್ನು ಬೈಯದಿರುವ ಹೊಣೆ ಊರಿನದು. ಬೈಸಿಕೊಳ್ಳುವ ಭಯವಿದ್ದರೆ ಅವನು ಮುಂದಿನ ಸಲ 0.5 ಎಂದೇ ಬರೆಯುತ್ತಾನೆ. ಅಳೆಯಲಾಗದ ದಿನ ಆ ಜಾಗವನ್ನು ಖಾಲಿ ಬಿಡಬೇಕೇ ಹೊರತು ಹಿಂದಿನ ದಿನದ ಅಂಕಿಯನ್ನು ಮತ್ತೆ ಬರೆಯಬಾರದು.